ದೋಷಿ ಎಂದ ಮೇಲಿನ ಅರ್ಧ ತಾಸು

ನಿವೃತ್ತಿ ಎಂಬ ಪದವನ್ನು ನಾನು ಬಳಸಿದರೆ ಗೆಳತಿಯರು ನಗುತ್ತಾರೆ. ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ, ಕೈಯಲ್ಲಿ ಪಿಂಚಣಿಯಿಲ್ಲ, ನಿನ್ನದು ಎಂಥ ನಿವೃತ್ತಿ ಎನ್ನುತ್ತಾರೆ. ನನ್ನ ವಾದ ಇಷ್ಟೇ: ಒಂದು ಕೆಲಸಕ್ಕೆ ಇನ್ನು ಹೋಗುವುದಿಲ್ಲ ಎಂದು ಗಟ್ಟಿ ಮಾಡಿಕೊಂಡವರು ನಿವೃತ್ತರು. ವಯಸ್ಸಿನ ಷರತ್ತು ಸರಕಾರದ್ದು, ಪದದ್ದಲ್ಲ. ಸಹಾಯಕ ಸರಕಾರಿ ಅಭಿಯೋಜಕಿಯಾಗಿ, ಅಂದರೆ ಪೊಲೀಸರು ತಂದ ಕೇಸುಗಳನ್ನು ಕೋರ್ಟಿನಲ್ಲಿ ಸರಕಾರದ ಪರವಾಗಿ ನಡೆಸುವ ವಕೀಲಳಾಗಿ, ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವಿನ ರಸ್ತೆಯಲ್ಲಿ ನನ್ನ ಯೌವನದ ದೊಡ್ಡ ಪಾಲು ಸವೆಯಿತು. ರಾಜೀನಾಮೆ ಕೊಟ್ಟು ಹೊರಬಂದಿದ್ದೇನೆ. ಯಾರೂ ಬೆದರಿಸಲಿಲ್ಲ, ಯಾರೂ ಎತ್ತಂಗಡಿ ಮಾಡಲಿಲ್ಲ. ಅಂಥ ಕಥೆ ಕೇಳಲು ಬಂದವರು ಇಲ್ಲಿಗೇ ನಿಲ್ಲಿಸಬಹುದು.

ಮೊನ್ನೆ ಮಸ್ಕಿಯ ಇಬ್ಬರು ಹುಡುಗಿಯರು ಇದೇ ಹುದ್ದೆಯ ಪರೀಕ್ಷೆ ಪಾಸಾಗಿ ಮನೆಗೆ ಬಂದಿದ್ದರು. "ಅಕ್ಕಾರ, ಒಳಗಿಂದು ಹೇಳ್ರಿ. ಪುಸ್ತಕದಾಗಿಂದು ನಮಗೂ ಬರ್ತೈತಿ" ಎಂದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಯಾವ ಸಂಗತಿ ಯಾವ ಊರಿನ ಕೋರ್ಟಿನದು ಎಂದು ಹೇಳುವುದಿಲ್ಲ.

ಮೊದಲು ಒಂದು ಭ್ರಮೆ ಕಳೆಯಬೇಕು. ನೀವೂ ನನ್ನ ಹಾಗೆ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಹುಡುಗಿಯರಾಗಿದ್ದರೆ, ಕೋರ್ಟಿನ ದೊಡ್ಡ ವಾದವೆಲ್ಲ ಎಷ್ಟು ಶಿಕ್ಷೆ ಕೊಡಬೇಕು ಎಂಬುದರ ಮೇಲೆ ನಡೆಯುತ್ತದೆ ಎಂದುಕೊಂಡಿರುತ್ತೀರಿ. ಇಲ್ಲ. ಆರೋಪಿ ತಪ್ಪು ಮಾಡಿದನೋ ಇಲ್ಲವೋ ಎಂಬುದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಸಾಕ್ಷಿಗಳು ಬರುತ್ತಾರೆ, ಬಾರದೆ ತಪ್ಪಿಸಿಕೊಳ್ಳುತ್ತಾರೆ, ಬಂದು ಉಲ್ಟಾ ಹೊಡೆಯುತ್ತಾರೆ. ಅದೆಲ್ಲ ದಾಟಿ ನ್ಯಾಯಾಧೀಶರು 'ದೋಷಿ' ಎಂದ ಮೇಲೆ, ಎಷ್ಟು ಶಿಕ್ಷೆ ಎಂಬ ಮಾತಿಗೆ ಉಳಿಯುವುದು ಅರ್ಧ ತಾಸು. ಅದೂ ಬಹಳ ಸಲ ಊಟದ ನಂತರ. ಹೆಂಡತಿಯನ್ನು ಕಡಿದವನ, ಸುಟ್ಟವನ, ಎಲುಬು ಮುರಿದವನ ಮುಂದಿನ ಬದುಕು ಆ ಅರ್ಧ ತಾಸಿನಲ್ಲಿ ತೀರ್ಮಾನವಾಗುತ್ತದೆ. ಅವಳ ಬದುಕೂ.

ನನಗೆ ಕೆಲಸ ಕಲಿಸಿದವರು ವೀರಭದ್ರಯ್ಯನವರು, ಆಗ ನಿವೃತ್ತಿಗೆ ಹತ್ತಿರವಿದ್ದ ಹಿರಿಯ ಅಭಿಯೋಜಕರು. ಮೊದಲ ಬಾರಿ ಒಬ್ಬ ಗಂಡನಿಗೆ ಶಿಕ್ಷೆಯಾಗುವ ದಿನ ಅವರನ್ನು ಕೇಳಿದೆ:

"ಶಿಕ್ಷಾ ಪ್ರಮಾಣದ ಮ್ಯಾಲ ಏನ್ ಹೇಳ್ಬೇಕ್ರಿ ಸರ್?"

"ಎದ್ದು ನಿಂದ್ರು. ಗರಿಷ್ಠ ಶಿಕ್ಷಾ ಆಗ್ಬೇಕು ಅನ್ನು. ಕುಂದ್ರು."

"ಅಷ್ಟರೀ?"

"ಮತ್ತೇನು, ಡಿಬೇಟ್ ಮಾಡ್ತೀಯೇನವಾ? ಇಲ್ಲಿ ಟೈಮ್ ಆತಂತ ಗಂಟಿ ಹೊಡಿಯವ್ರು ಯಾರೂ ಇಲ್ಲ. ಜಡ್ಜ್ ಸಾಹೇಬ್ರು ಗಡಿಯಾರ ನೋಡ್ತಾರ, ಅದ ಗಂಟಿ."

ನಾನು ಎದ್ದೆ, ಅಂದೆ, ಕುಳಿತೆ. ಆಮೇಲೆ ಎದುರು ವಕೀಲರು ಎದ್ದರು. ಅವರ ಮಾತನ್ನು ಅಂದಿನಿಂದ ಎಷ್ಟು ಬಾಯಲ್ಲಿ ಕೇಳಿದ್ದೇನೆಂದರೆ, ಈಗ ನಿದ್ದೆಗಣ್ಣಲ್ಲಿ ಎಬ್ಬಿಸಿದರೂ ಒಪ್ಪಿಸಬಲ್ಲೆ: ಮನೆಗೆ ದುಡಿಯುವವನು ಇವನೊಬ್ಬನೇ ಸ್ವಾಮಿ, ವಯಸ್ಸಾದ ತಾಯಿ ಇದ್ದಾಳೆ, ಮಕ್ಕಳು ಸಣ್ಣವು, ಇದು ಮೊದಲ ಅಪರಾಧ, ಸಿಟ್ಟಿನ ಭರದಲ್ಲಿ ನಡೆದುಹೋಗಿದೆ.

ಒಂದೊಂದನ್ನೇ ತೆಗೆದುಕೊಳ್ಳಿ. ದುಡಿಯುವವನು ಒಬ್ಬನೇ? ನಮ್ಮ ಕಾಲುವೆ ಸೀಮೆಯಲ್ಲಿ ನೆಲ್ಲು ನಾಟಿ ಮಾಡುವವರು ಯಾರು, ಕಳೆ ತೆಗೆಯುವವರು ಯಾರು? ಮಕ್ಕಳು ಸಣ್ಣವು? ನಿಜ, ಆ ಸಣ್ಣ ಮಕ್ಕಳ ಎದುರಿಗೇ ಅದು ನಡೆದದ್ದು. ಮೊದಲ ಅಪರಾಧ? ಅಲ್ಲ, ಮೊದಲ ಫಿರ್ಯಾದು. ಸಿಟ್ಟಿನ ಭರ? ಅದೇ ಮನುಷ್ಯ ಅಷ್ಟೇ ಸಿಟ್ಟಿನಲ್ಲಿ ಸಂತೆಯಲ್ಲಿ ಅಪರಿಚಿತನೊಬ್ಬನ ಕೈ ಕಡಿದಿದ್ದರೆ ಅದನ್ನು ಎಲ್ಲರೂ ಕ್ರೌರ್ಯ ಎನ್ನುತ್ತಿದ್ದರು. ಕಡಿಸಿಕೊಂಡವಳು ಅವನಿಗೆ ಅನ್ನ ಹಾಕುವವಳು ಎಂಬುದು ಅಪರಾಧವನ್ನು ಹೆಚ್ಚಿಸಬೇಕು. ಕಡಿಮೆ ಮಾಡುವುದು ಯಾವ ತರ್ಕ? ಇದನ್ನೆಲ್ಲ ಹೇಳಬಹುದು. ಹೇಳಿದ್ದೇನೆ. ಕೆಲವು ನ್ಯಾಯಾಧೀಶರು ಕೇಳಿಸಿಕೊಂಡಿದ್ದಾರೆ, ಕೆಲವರು ಗಡಿಯಾರ ನೋಡಿದ್ದಾರೆ.

ವಯಸ್ಸಾದ ತಾಯಿಯದು ಮಾತ್ರ ಒಂದು ಪ್ರತ್ಯೇಕ ಕಥೆ. ಒಮ್ಮೆ ಎದುರು ವಕೀಲರು ಮಾತಿನ ಜೊತೆಗೆ ತಾಯಿಯನ್ನೇ ಕರೆತಂದು ಮುಂದಿನ ಬೆಂಚಿನಲ್ಲಿ ಕೂಡಿಸಿದ್ದರು. ಹೆಂಡತಿಯ ಬೆನ್ನನ್ನು ಕಾದ ಕಬ್ಬಿಣದಿಂದ ಸುಟ್ಟವನ ತಾಯಿ. ಕಣ್ಣು ಮಂಜಾಗಿದ್ದವು, ಕೈಯಲ್ಲಿ ಕೋಲಿತ್ತು. ನ್ಯಾಯಾಧೀಶರಿಗೆ ಕನಿಕರ ಬಂತು. "ಅಮ್ಮಾ, ಮಗ ಜೈಲಿಗೆ ಹೋದರೆ ನಿಮ್ಮನ್ನು ನೋಡುವವರು ಯಾರು?" ಎಂದು ಕೇಳಿದರು.

ಮುದುಕಿ ಕಿವಿಯನ್ನು ಮುಂದೆ ಮಾಡಿ ಕೇಳಿಸಿಕೊಂಡಳು. "ಅವ ಎಲ್ಲಿ ನೋಡ್ಯಾನ್ರೀ ಎಪ್ಪಾ? ನನಗ ಊಟಕ್ಕ ಹಾಕಾಕಿ, ನೀರು ಎರಿಯಾಕಿ ಸೊಸಿನ. ಆಕಿ ತವರಿಗಿ ಹೋದಾಗಿಂದ ನಾ ಮಗ್ಗಲ ಮನಿಯವ್ರು ಕೊಟ್ಟಿದ್ದು ಉಣ್ಣಾಕತ್ತೀನಿ."

ವಕೀಲರು ಅವಳನ್ನು ಕೂಡಿಸಲು ನೋಡಿದರು. "ತಡೀಪಾ, ಕೇಳಾಕತ್ತಾರಲ್ಲ, ಹೇಳ್ತೀನಿ" ಎಂದು ಕೋಲು ಕುಟ್ಟಿದಳು. ಕೋರ್ಟು ನಕ್ಕಿತು, ನಾನೂ ನಕ್ಕೆ. ಆಮೇಲೆ ತೀರ್ಪು ಬಂತು. ಅದರಲ್ಲಿ 'ಆರೋಪಿಗೆ ವಯಸ್ಸಾದ ತಾಯಿ ಇರುವುದನ್ನು ಗಮನಿಸಿ' ಎಂಬ ಸಾಲು ಹಾಗೆಯೇ ಇತ್ತು. ತಾಯಿ ಇದ್ದಾಳೆ ಎಂಬುದು ದಾಖಲಾಯಿತು, ಅವಳು ಹೇಳಿದ್ದು ದಾಖಲಾಗಲಿಲ್ಲ.

ಶಿಕ್ಷೆ ಕೋರ್ಟಿನಲ್ಲಿ ನಿರ್ಧಾರವಾಗುತ್ತದೆ ಎಂಬುದೂ ಅರ್ಧ ಸತ್ಯ. ಬಹಳ ಸಲ ಅದು ದವಾಖಾನೆಯಲ್ಲೇ ನಿರ್ಧಾರವಾಗಿರುತ್ತದೆ. ಗಾಯದ ಪ್ರಮಾಣಪತ್ರದಲ್ಲಿ ವೈದ್ಯರು 'ಸಾದಾ ಗಾಯ' ಎಂದು ಬರೆದರೆ ಒಂದು ದಾರಿ, 'ತೀವ್ರ ಗಾಯ' ಎಂದರೆ ಇನ್ನೊಂದು. ಒಬ್ಬಾಕೆಗೆ ಗಂಡ ಹೊಡೆದು ಮುಂದಿನ ಹಲ್ಲು ಮುರಿದಿದ್ದ. ಹಲ್ಲು ಮುರಿದರೆ ಕಾನೂನಿನಲ್ಲಿ ತೀವ್ರ ಗಾಯ. ಪ್ರಮಾಣಪತ್ರದಲ್ಲಿ ಮಾತ್ರ 'ಬಾಯಿಗೆ ಪೆಟ್ಟು, ಸಾದಾ' ಎಂದಿತ್ತು. ಆ ಕೇಸು ವೀರಭದ್ರಯ್ಯನವರದು. ಅವರು ವೈದ್ಯರನ್ನು ಮತ್ತೆ ಕರೆಸಲಿಲ್ಲ. ದಂಡ ಕಟ್ಟಿ ಗಂಡ ಹೊರಟ. ಆ ಹೆಂಗಸು ಹೊರಗೆ ಬಂದು ಅವರ ಮುಂದೆ ನಿಂತು, ಬಾಯಿ ತೆರೆದು ತೋರಿಸಿದಳು. ಅಷ್ಟೇ. ಅವತ್ತು ಮಧ್ಯಾಹ್ನ ಅವರು ಊಟದ ಡಬ್ಬಿ ತೆರೆಯಲಿಲ್ಲ. ಮರುದಿನದಿಂದ ಪ್ರತಿ ಪ್ರಮಾಣಪತ್ರವನ್ನೂ ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ನನಗೆ ಅವರು ಕಲಿಸಿದ್ದರಲ್ಲಿ ಕೆಲಸಕ್ಕೆ ಬಂದದ್ದು ಅದೊಂದು.

ಈಗ ಬಹಳ ಬದಲಾಗಿದೆ ಎನ್ನುತ್ತಾರೆ. ಕಾನೂನಿನ ಹೆಸರು ಬದಲಾಗಿದೆ, ಕಲಮುಗಳ ಸಂಖ್ಯೆ ಬದಲಾಗಿದೆ. ಊರೆಲ್ಲ ಬಾಯಿಪಾಠ ಮಾಡಿದ್ದ ೪೯೮ಎ ಹೋಗಿ ೮೫ ಬಂದಿದೆ. ಸಾಕ್ಷಿ ಟಿವಿ ಪರದೆಯಲ್ಲಿ ಬರುತ್ತಾನೆ, ಪಂಚನಾಮೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಾರೆ. ಒಳ್ಳೆಯದೇ. ಬದಲಾಗದ ಎರಡು ಸಂಗತಿಗಳನ್ನು ಮಾತ್ರ ನೀವು ಸೇರುವ ದಿನವೇ ತಿಳಿದುಕೊಂಡಿರಿ.

ಒಂದು: ಆಯುಧದಿಂದ ಕಡಿದು ತೀವ್ರ ಗಾಯ ಮಾಡಿದರೆ ಪುಸ್ತಕದಲ್ಲಿ ಜೀವಾವಧಿಯವರೆಗೆ ಶಿಕ್ಷೆ ಇದೆ. ಆದರೆ ನಾವು ನಿಲ್ಲುವ ಮ್ಯಾಜಿಸ್ಟ್ರೇಟರ ಕೋರ್ಟಿಗೆ ಕಾನೂನು ಕೊಟ್ಟಿರುವ ಅಧಿಕಾರ ಮೂರು ವರ್ಷದವರೆಗೆ ಮಾತ್ರ. ಹೆಚ್ಚು ಬೇಕೆನಿಸಿದರೆ ಅವರು ಕೇಸನ್ನು ಜಿಲ್ಲೆಯ ಮುಖ್ಯ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಹಾಗೆ ಕಳಿಸುವುದು ಅಪರೂಪ. ಎರಡು: ಜಾಮೀನಿನ ಮೇಲೆ ಹೊರಗಿರುವವನಿಗೆ ಮೂರು ವರ್ಷದೊಳಗಿನ ಶಿಕ್ಷೆಯಾದರೆ, ಅವನು ಮೇಲ್ಮನವಿ ಹಾಕುತ್ತೇನೆ ಎಂದರೆ ಸಾಕು, ವಿಶೇಷ ಕಾರಣವಿಲ್ಲದಿದ್ದರೆ ಅದೇ ದಿನ ಜಾಮೀನಿನ ಮೇಲೆ ಬಿಡಬೇಕು. ಎರಡನ್ನೂ ಸೇರಿಸಿ ನೋಡಿ. ಶಿಕ್ಷೆಯಾದ ಗಂಡ ಸಂಜೆಯ ಹೊತ್ತಿಗೆ ಮನೆಯಲ್ಲಿರುತ್ತಾನೆ.

ಇದನ್ನು ನಾನು ಹುಲಿಗೆಮ್ಮನಿಗೆ ಹೇಳಬೇಕಾಯಿತು.

ಹುಲಿಗೆಮ್ಮ ದಢೇಸುಗೂರಿನ ಹೆಣ್ಣುಮಗಳು. ಮುಕ್ಕುಂದದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ದುರುಗಪ್ಪ ಕುಡಗೋಲಿನಿಂದ ಬೀಸಿದಾಗ ಕೈ ಅಡ್ಡ ಹಿಡಿದಳು. ಬಲಗೈಯ ಎರಡು ಬೆರಳು ಹೋದವು. ಜಗಳಕ್ಕೆ ಕಾರಣ ಏನೆಂದು ನಾನು ಬರೆಯುವುದಿಲ್ಲ. ಕಾರಣ ಬರೆದರೆ ಓದುವವರು ಅದನ್ನು ತೂಗಲು ಶುರುಮಾಡುತ್ತಾರೆ. ಅವಳು ನಾಟಿ ಮಾಡುವ ಹೆಂಗಸರ ಗುಂಪಿನಲ್ಲಿ ಮುಂದಿನ ಸಾಲಿನವಳಾಗಿದ್ದಳು. ಎರಡು ಬೆರಳಿನಲ್ಲಿ ಸಸಿ ಹಿಡಿದು ಹೆಬ್ಬೆರಳಿನಿಂದ ಕೆಸರಿಗೆ ಒತ್ತುವ ಕೆಲಸ ಅದು. ಹೋದದ್ದು ಅವೇ ಎರಡು.

ಅವಳು ತವರಿನಲ್ಲಿ ಅಕ್ಕನ ಮನೆಯಲ್ಲಿದ್ದಳು. ಮಗಳು ಗಂಗಿಯನ್ನು ಗಂಡನ ಮನೆಯವರು ಕೊಟ್ಟಿರಲಿಲ್ಲ. ಮಗಳು ಇನ್ನೂ ಪ್ರಾಥಮಿಕ ಶಾಲೆಯವಳು. ಇಷ್ಟಾದರೂ ಹುಲಿಗೆಮ್ಮ ಪ್ರತಿ ತಾರೀಖಿಗೆ ಬಂದಳು, ಸಾಕ್ಷಿಯಲ್ಲಿ ಒಂದು ಮಾತೂ ಬದಲಿಸಲಿಲ್ಲ. ದುರುಗಪ್ಪ ದೋಷಿ ಎಂದು ತೀರ್ಮಾನವಾದದ್ದು ಒಂದು ಶುಕ್ರವಾರ. ಶಿಕ್ಷೆಯ ಪ್ರಮಾಣ ಸೋಮವಾರ ಎಂದರು.

ಸೋಮವಾರ ಅವಳು ಹೊಸ ಸೀರೆಯುಟ್ಟು, ಉಡಿ ತುಂಬಿಸಿಕೊಂಡು ಕೋರ್ಟಿನ ವರಾಂಡದಲ್ಲಿ ನಿಂತಿದ್ದಳು. ಸೆರಗಿನ ಗಂಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಖಣ. ಸಾಮಾನ್ಯವಾಗಿ ತವರಿನವರು ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹೀಗೆ ತುಂಬಿ ಕಳಿಸುತ್ತಾರೆ.

"ಇದೇನವ್ವಾ ಹುಲಿಗೆಮ್ಮ?"

"ದೈವದವ್ರು ತುಂಬ್ಯಾರ್ರಿ ಮೇಡಂ. ನಿನ್ನೆ ಹನುಮಪ್ಪನ ಗುಡಿ ಮುಂದ ಕೂಡಿಸಿದ್ರು." ದೈವ ಎಂದರೆ ಊರ ಹಿರಿಯರ ಸಭೆ, ಇಲ್ಲಿ ಗಂಡನ ಊರಿನದು.

"ನಿಮ್ಮ ಅಕ್ಕನ ಕಡೆಯವ್ರು ಇದ್ರೇನು?"

"ಅವ್ರನ್ನ ಯಾರ್ ಕರೀತಾರ್ರಿ."

"ನೀ ಒಪ್ಕೊಂಡಿ?"

"ಗಂಗಿ ಅಲ್ಲಿ ಅದಾಳ್ರಿ."

ದೈವದ ಮುಖಂಡ ಅಮರೇಗೌಡರು ಹತ್ತಿರ ಬಂದರು. "ಪಿಪಿ ಮೇಡಂ, ಕೂಡಿದ್ದನ್ನ ಮುರೀಬ್ಯಾಡ್ರಿ. ಬೆರಳಂತೂ ಹೋತು, ಬಾಳೇವರ ಉಳೀಲಿ, ಗಂಡ ಹೆಂಡ್ತಿ ಕೂಡಿರ್ಲಿ."

"ಬೆರಳು ಹೋಗಿದ್ದು ಯಾರದು, ಬಾಳೇವು ಉಳಿಯೂದು ಯಾರದು ಗೌಡ್ರ?"

"ಹಿಂಗ ಮಾತಿಗಿ ಮಾತು ಅಂತೀರಿ ನೋಡ್ರಿ, ನಿಮ್ಮ ಮನ್ಯಾಗ ಹೆಂಗ ತಡ್ಕೊಂಡಾರೋ" ಎಂದು ನಕ್ಕು ಗೌಡರು ಒಳಗೆ ಹೋದರು.

ನಾನು ಹುಲಿಗೆಮ್ಮನಿಗೆ ಆ ಎರಡು ಸಂಗತಿಗಳನ್ನು ಹೇಳಿದೆ. ಎಷ್ಟೇ ಜೋರಾಗಿ ವಾದಿಸಿದರೂ ಇಲ್ಲಿ ಆಗುವುದು ಮೂರು ವರ್ಷದ ಒಳಗೆ. ಆಗುವ ಆ ಶಿಕ್ಷೆಯೂ ಅಪೀಲು ಮುಗಿಯುವವರೆಗೆ ಜಾರಿಯಾಗದೆ ಅಮಾನತಿನಲ್ಲಿ ಇರುತ್ತದೆ.

"ಸಜಾ ಆದ ಮ್ಯಾಲೂ ಮನಿಗಿ ಬರ್ತಾನ್ರಿ?"

"ಅಪೀಲು ಹಾಕ್ತೀನಿ ಅಂದ್ರ ಇವತ್ತ ಬರ್ತಾನ."

ಅವಳು ಉಡಿಯ ಗಂಟನ್ನು ಎಡಗೈಯಿಂದ ಮೇಲಕ್ಕೆ ಸರಿಸಿಕೊಂಡಳು. "ಮತ್ತ ಇಷ್ಟು ದಿವ್ಸ ನನ್ನ ಯಾಕ ಕರಸಿದ್ರಿ?"

ಅಷ್ಟರಲ್ಲಿ ಒಳಗೆ ಕೂಗಿದರು, ಹೋದೆವು.

ಎದುರು ವಕೀಲರಾದ ದೇಸಾಯಿಯವರು ದುಡಿಯುವವನು ಒಬ್ಬನೇ ಎಂಬಲ್ಲಿಂದ ಶುರುಮಾಡಿ, ವಯಸ್ಸಾದ ತಾಯಿಯನ್ನು ದಾಟಿ, ಉಡಿಗೆ ಬಂದರು. "ಸ್ವಾಮಿ, ಉಡಿ ತುಂಬಿದ ಹೆಣ್ಮಗಳನ್ನ ನಮ್ಮ ಕಡೆ ಹೊಸ್ತಿಲದಾಗ ಯಾರೂ ತಡಿಯಂಗಿಲ್ಲ. ಇವತ್ತಿಂದ ಆ ಮನಿ ಆಕಿದು. ಕುಟುಂಬ ಕೂಡಿಬಿಟ್ಟೈತಿ. ಕನಿಕರ ತೋರ್ಸಬೇಕು."

ನ್ಯಾಯಾಧೀಶರು ದಕ್ಷಿಣದ ಜಿಲ್ಲೆಯವರು. ಉಡಿ ಎಂದರೇನು ಎಂದು ಕೇಳಿ ತಿಳಿದುಕೊಂಡರು. ನನ್ನ ಸರದಿ ಬಂದಾಗ ನಾನು 'ಗರಿಷ್ಠ ಶಿಕ್ಷೆ' ಎಂದು ಕೂತುಕೊಳ್ಳಲಿಲ್ಲ. ಕೇಸನ್ನು ಮುಖ್ಯ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು ಎಂದು ಕೇಳಿದೆ. ಇಲ್ಲೇ ಶಿಕ್ಷೆ ಕೊಡುವುದಾದರೆ ಇವತ್ತು ಅವನನ್ನು ಬಿಡಬಾರದು, ಬಿಡದಿರಲು ವಿಶೇಷ ಕಾರಣ ಆ ಕೈಯಲ್ಲೇ ಕಾಣುತ್ತಿದೆ ಎಂದೆ. ಉಡಿ ತುಂಬಬೇಕಾದವರು ತವರಿನವರು. ಇಲ್ಲಿ ತುಂಬಿದವರು ಆರೋಪಿಯ ಕಡೆಯವರು. ಇದು ಒಪ್ಪಿಗೆಯ ಸಾಕ್ಷಿಯಲ್ಲ, ಒತ್ತಾಯದ ಸಾಕ್ಷಿ ಎಂದೆ.

"ಮೇಡಂ," ನ್ಯಾಯಾಧೀಶರು ತಡೆದರು, "ಹೆಂಡತಿಯೇ ಹೋಗುತ್ತೇನೆ ಅನ್ನುವಾಗ ನೀವು ಯಾರ ಪರ ಮಾತಾಡುತ್ತಿದ್ದೀರಿ?"

"ಆಕೆಯನ್ನೇ ಕೇಳಬೇಕು ಸ್ವಾಮಿ."

ಕೇಳಿದರು. ಹುಲಿಗೆಮ್ಮ ಮುಂದೆ ಬಂದಳು. "ಹೋಗ್ತೀನ್ರಿ ಸಾಹೇಬ್ರ. ಮಗಳು ಅಲ್ಲಿ ಅದಾಳ. ಆದ್ರ ಇವ ಅಲ್ಲಿ ಇರಬಾರದ್ರಿ."

ಕೋರ್ಟಿನಲ್ಲಿ ನಗು ಎದ್ದಿತು. ಹಿಂದಿನಿಂದ ಅಮರೇಗೌಡರು ತಡೆದುಕೊಳ್ಳಲಾರದೆ, "ಅವನ ಮನ್ಯಾಗ ಅವ ಇರಬಾರದಂದ್ರ ಹೆಂಗಬೇ?" ಎಂದರು.

ಅವಳು ತಿರುಗಿ ನೋಡಲಿಲ್ಲ. "ಇವತ್ತಿಂದ ಆ ಮನಿ ನಂದು ಅಂತ ನಿಮ್ಮ ವಕೀಲ್ರ ಅಂದ್ರಲ್ರಿ ಗೌಡ್ರ."

ನಗು ನಿಂತಿತು. ಸ್ಪರ್ಧೆಗಳಲ್ಲಿ ನಾನು ಗೆದ್ದ ಫಲಕಗಳು ಇನ್ನೂ ಮನೆಯ ಗೋಡೆಯ ಮೇಲಿವೆ. ಅಂಥ ಒಂದು ಉತ್ತರ ನನ್ನ ಬಾಯಿಂದ ಯಾವತ್ತೂ ಬಂದಿಲ್ಲ. ನಾನು ಎದ್ದು ಅದನ್ನು ಕಾನೂನಿನ ಮಾತಿಗೆ ತಿರುಗಿಸಿದೆ ಅಷ್ಟೇ: ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಬಿಡುವುದಾದರೆ, ಹುಲಿಗೆಮ್ಮ ಎಲ್ಲಿ ವಾಸವಿರುತ್ತಾಳೋ ಅಲ್ಲಿಗೆ ಅವನು ಕಾಲಿಡಬಾರದು ಎಂಬ ಷರತ್ತಿನ ಮೇಲೆ ಬಿಡಿ. ದೇಸಾಯಿಯವರು, ತನ್ನ ಮನೆಯಿಂದಲೇ ಮನುಷ್ಯನನ್ನು ಹೊರಹಾಕುವ ಷರತ್ತು ಎಲ್ಲಿಯದು ಎಂದು ತಕರಾರು ತೆಗೆದರು. ಅದು ಆಕೆಯ ಮನೆ ಎಂಬುದು ತಮ್ಮದೇ ವಾದ, ಈಗ ಹಿಂದಕ್ಕೆ ಪಡೆಯುತ್ತೀರಾ ಎಂದು ಕೇಳಿದೆ. ಪಡೆದರೆ ಕನಿಕರಕ್ಕೆ ಆಧಾರವಿಲ್ಲ, ಪಡೆಯದಿದ್ದರೆ ಷರತ್ತಿಗೆ ತಕರಾರಿಲ್ಲ. ಅವರು ಕುಳಿತರು.

ಕೇಸು ಮೇಲಕ್ಕೆ ಹೋಗಲಿಲ್ಲ. ಎರಡು ವರ್ಷ ಜೈಲು, ದಂಡ, ಶಿಕ್ಷೆ ಅಮಾನತು, ಹುಲಿಗೆಮ್ಮ ಇರುವಲ್ಲಿಗೆ ಹೋಗಬಾರದೆಂಬ ಷರತ್ತು. ಮುಂದೆ ಮೇಲ್ಮನವಿ ದಾಖಲಾದಾಗ ಮೇಲಿನ ಕೋರ್ಟೂ ಅದು ಮುಗಿಯುವವರೆಗೆ ಅದೇ ಷರತ್ತನ್ನು ಉಳಿಸಿತು. ಆ ಸೋಮವಾರ ದೈವದವರ ಜೀಪಿನಲ್ಲಿ ಹುಲಿಗೆಮ್ಮ ಒಬ್ಬಳೇ ಹತ್ತಿದಳು. ದುರುಗಪ್ಪ ಚಹಾದ ಅಂಗಡಿಯ ಮುಂದೆ, ಜೀಪು ತಿರುವು ದಾಟುವವರೆಗೆ, ನಿಂತೇ ಇದ್ದ. ಉಡಿ ತುಂಬಿದವರು ತಾವೇ ಆದ್ದರಿಂದ ಅವಳನ್ನು ಒಳಗೆ ಬಿಡಲೇಬೇಕಾಯಿತು.

ಅತ್ತೆ ಮುನಿಸಿಕೊಂಡು ಹಿರಿಮಗನ ಮನೆಗೆ ಹೋದಳು. ದುರುಗಪ್ಪ ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ನಿಂತು ಅಲ್ಲೇ ಮಲಗತೊಡಗಿದ. ದೀಪಾವಳಿಗೆ ಅತ್ತೆ ಯಾರಿಂದಲೋ ನನ್ನ ನಂಬರು ಪಡೆದು ಫೋನು ಮಾಡಿ, "ನನ್ನ ಮಗ ಹಬ್ಬಕ್ಕರ ಬಂದು ಒಂದು ಹೋಳಿಗಿ ತಿಂದು ಹೋಗಬಾರದೇನ್ರಿ? ನಿಮಗ ಅಣ್ಣ ತಮ್ಮ ಇಲ್ಲೇನ್ರಿ?" ಎಂದು ಜಾಡಿಸಿದಳು. ಹುಲಿಗೆಮ್ಮನೂ ಆಗಾಗ ಮಾಡುತ್ತಿದ್ದಳು. ನಾಟಿ ಆಗುವುದಿಲ್ಲ, ಕಳೆ ತೆಗೆಯಲು ಹೋಗುತ್ತೇನೆ, ಎಡಗೈ ರೂಢಿಯಾಗುತ್ತಿದೆ ಎನ್ನುತ್ತಿದ್ದಳು. ಗಂಗಿ ಶಾಲೆಯಲ್ಲಿ ಓಟದಲ್ಲಿ ಮೊದಲು ಬಂದದ್ದನ್ನು ಹೇಳಿದಳು. "ಈಗ ಬಾಗ್ಲ ಸಪ್ಪಳಾದ್ರ ಎದಿ ಹಾರಂಗಿಲ್ರಿ" ಎಂದಳು ಒಮ್ಮೆ.

ಆ ದಿನಗಳಲ್ಲಿ ನಾನು ಸ್ವಲ್ಪ ಬೀಗುತ್ತಿದ್ದೆ. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ವೀರಭದ್ರಯ್ಯನವರು ಸಿಕ್ಕರು. ಆಗ ಅವರೂ ನಿವೃತ್ತರಾಗಿದ್ದರು.

"ಗೆದ್ದಿ ಅಂತ ಕೇಳಿದೆ."

"ಹೌದ್ರಿ ಸರ್."

"ಅಪೀಲಿನ ಮಟ ಗೆದ್ದಿ" ಎಂದು ಬಸ್ಸು ಹತ್ತಿದರು.

ಮೇಲ್ಮನವಿಯಲ್ಲಿ ವಾದಿಸುವ ಅಧಿಕಾರ ನಮ್ಮ ಹುದ್ದೆಗಿಲ್ಲ. ಅದು ಮೇಲಿನ ಕೋರ್ಟಿನ ಅಭಿಯೋಜಕರದು. ಎರಡನೆಯ ಬೆಳೆ ಕೊಯ್ಲಿಗೆ ಬಂದಿದ್ದ ಕಾಲದಲ್ಲಿ ಅಲ್ಲಿ ಕೆಲಸ ಮಾಡುವ ಗೆಳತಿ ಫೋನು ಮಾಡಿ ಆದೇಶ ಓದಿ ಹೇಳಿದಳು. ದೋಷಿ ಎಂಬ ತೀರ್ಮಾನ ಸರಿ. ಆದರೆ ಕುಟುಂಬ ಒಂದಾಗಿದೆ. ಹೆಂಡತಿ ಗಂಡನ ಮನೆಯಲ್ಲೇ ವಾಸವಿದ್ದಾಳೆ. ಶಿಕ್ಷೆಯಾದ ದಿನದಿಂದ ಇವತ್ತಿನವರೆಗೆ ಒಂದು ದೂರೂ ಬಂದಿಲ್ಲ. ಆದ್ದರಿಂದ ಜಾಮೀನು ಸಿಗುವ ಮೊದಲು ಅವನು ಜೈಲಿನಲ್ಲಿ ಕಳೆದ ದಿನಗಳೇ ಸಾಕಾದಷ್ಟು ಶಿಕ್ಷೆ. ದಂಡವನ್ನು ಹೆಚ್ಚಿಸಿ ಅವಳಿಗೆ ಕೊಡಿಸಿದ್ದರು.

ಗೆಳತಿಗೆ ಇನ್ನೊಮ್ಮೆ ಓದಲು ಹೇಳಿದೆ. ದೂರು ಬಾರದೆ ಇದ್ದದ್ದು ಅವನು ಮನೆಗೆ ಬಾರದೆ ಇದ್ದುದರಿಂದ. ಅವನು ಬಾರದೆ ಇದ್ದದ್ದು ಷರತ್ತಿನಿಂದ. ಷರತ್ತು ಕೆಲಸ ಮಾಡಿತ್ತು. ಅದು ಕೆಲಸ ಮಾಡಿದ್ದೇ ಅದು ಬೇಡ ಎನ್ನುವುದಕ್ಕೆ ಕಾರಣವಾಯಿತು. ಕೊಡೆ ಹಿಡಿದವಳು ನೆನೆದಿಲ್ಲ, ಅಂದರೆ ಮಳೆಯೇ ಇಲ್ಲ, ಕೊಡೆ ಕಿತ್ತುಕೊಳ್ಳಿ ಎಂದ ಹಾಗೆ. ಮೊದಲ ವರ್ಷದ ವಿದ್ಯಾರ್ಥಿಯೂ ವೇದಿಕೆಯ ಮೇಲೆ ಒಡೆದು ಹಾಕಬಹುದಾದ ತರ್ಕ ಅದು. ಒಡೆಯಲು ನನಗೆ ವೇದಿಕೆ ಇರಲಿಲ್ಲ. ಹುಲಿಗೆಮ್ಮನನ್ನೂ ಅಲ್ಲಿ ಯಾರೂ ಕರೆಸಿ ಕೇಳಿರಲಿಲ್ಲ.

ಹುಲಿಗೆಮ್ಮನಿಗೆ ನಾನೇ ಫೋನು ಮಾಡಿದೆ.

"ಅಪೀಲು ಮುಗೀತವ್ವಾ."

"ಏನಾತ್ರಿ?"

"ತಪ್ಪು ಮಾಡ್ಯಾನ ಅಂತ ಅವ್ರೂ ಒಪ್ಯಾರ. ಆದ್ರ ಜೇಲು ಇಲ್ಲ."

"ಮತ್ತ ಆ ಷರತ್ತು?"

"ಅದೂ ಮುಗೀತು."

ಅತ್ತ ಕಡೆ ಎಲ್ಲೋ ಕೊಯ್ಲಿನ ಯಂತ್ರದ ಸದ್ದು ಕೇಳುತ್ತಿತ್ತು. "ಅವ ಈಗ ಎಲ್ಲಿ ಅದಾನ್ರಿ?"

"ಕೋರ್ಟಿನ್ಯಾಗ ಸಹಿ ಮಾಡಾಕತ್ತಾನಂತ."

"ಗೌಡ್ರ ಜೀಪಿನ್ಯಾಗ ಬರ್ತಾನೋ, ಬಸ್ಸಿಗಿ ಬರ್ತಾನೋ?"

ಗೊತ್ತಿಲ್ಲ ಎಂದೆ. ಕೇಳಿ ಹೇಳ್ರಿ ಎಂದಳು. ಗೆಳತಿಗೆ ಫೋನು ಮಾಡಿದೆ. ಅವಳು ಕಿಟಕಿಯಿಂದ ನೋಡಿ ಹೇಳಿದಳು: ಒಬ್ಬನೇ ಇದ್ದಾನೆ, ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದಾನೆ. ಆ ಬಸ್ಸು ಮಸ್ಕಿಯ ಮೇಲೆ ಸಿಂಧನೂರಿಗೆ ಬರಬೇಕು, ಅಲ್ಲಿಂದ ಇನ್ನೊಂದು ಬಸ್ಸು. ಮತ್ತೆ ಹುಲಿಗೆಮ್ಮನಿಗೆ ಹಚ್ಚಿದೆ.

"ಬಸ್ಸಿಗಿ."

"ಹಂಗಾರ ಟೈಮ್ ಐತ್ರಿ."

ನಾನು ಗಡಬಡಿಸಿ ಮಾತಾಡತೊಡಗಿದೆ. ನಾಳೆ ಬಾ, ಬೇರೆ ಅರ್ಜಿ ಹಾಕೂನು, ರಕ್ಷಣಾ ಆದೇಶ ಅಂತ ಒಂದು ಇದೆ, ಅದೇ ಮನೆಯಲ್ಲಿರುವ ಹಕ್ಕು ಕೇಳಬಹುದು, ಕಾನೂನಿನಲ್ಲಿ ದಾರಿ ಇದೆ. ಒಂದೊಂದೂ ಸರಿಯಾದ ಮಾತೇ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಫೋನನ್ನು ಎಲ್ಲೋ ಸಿಕ್ಕಿಸಿಕೊಂಡಿದ್ದಳು, ಕಟ್ ಮಾಡುವುದನ್ನು ಮರೆತಿದ್ದಳು.

"ಗಂಗೀ, ಸಾಲಿ ಚೀಲ ತಗೊ. ಅರಿವಿ ಬ್ಯಾಡ, ಬಿಡು. ಚೀಲ ಅಷ್ಟ ತಗೊ. ಕಾಲುವಿ ಮ್ಯಾಲಿನ ದಾರೀಲೆ ಹೋಗೂನು, ದೊಡ್ಡ ರಸ್ತೆಕ ಬ್ಯಾಡ."

ಬಾಗಿಲು ಎಳೆದ ಸದ್ದು ಕೇಳಿತು, ಕೀಲಿ ತಿರುವಿದ ಸದ್ದು ಕೇಳಿತು.

"ಕೀಲಿ ಯಾರ್ಗಿ ಕೊಡೂದವ್ವಾ?" ಎಂದು ಹುಡುಗಿ ಕೇಳಿದಳು.

"ಬಾಗ್ಲಕ್ಕ ಇರ್ಲಿ. ನಡಿಬೇ."